ಕಾಳ್ಯಾನ ರೊಟ್ಟಿ ಬಿಡಿಸಿದ್ದು

1967ರಲ್ಲಿ, ಆರನೆಯ ಇಯತ್ತೆಗೆ, ನಾನು ಶಾಲೆ ಬಿಟ್ಟೆ. ಅಂದಿನಿಂದ ಇಪ್ಪತ್ತು ವರ್ಷಕ್ಕೂ ಮೇಲೆ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊತ್ತಿದ್ದೇನೆ. ಕಲಿತವರಿಗಿಂತ ನನಗೇನು ಕಡಿಮೆ ಗೊತ್ತಿಲ್ಲ ಎಂಬ ಜಂಬವಿತ್ತು. ಈ ಚಳಿಗಾಲ ನನ್ನ ನಾಯಿ ಕಾಳ್ಯಾ ಜಡ್ಡಿಗೆ ಬಿದ್ದ.

ಮೊದಲು ತುರಿಕೆ. ಹಗಲೂ ರಾತ್ರಿ ಕೆರೆದುಕೊಳ್ಳುವನು. ಹೊಟ್ಟೆಯ ಕೂದಲು ಉದುರಿ ಚರ್ಮ ಕೆಂಪಾಯಿತು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಪೇಟೆಗೆ ಬರುವ ಖರೀದಿದಾರರೊಬ್ಬರು ಮನೆಯಲ್ಲಿ ಜಾತಿ ನಾಯಿ ಸಾಕಿದ್ದರು. ನಾಯಿ ಎಂದರೆ ಮಾಂಸ ತಿನ್ನುವ ಪ್ರಾಣಿ, ಕಾಳು ಕಡಿ ಹಾಕಿದರೆ ಮೈ ಕೆಡುತ್ತದೆ ಎಂದು ಅವರು ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಆ ಮಾತನ್ನು ನನ್ನದೇ ತಿಳಿವಳಿಕೆ ಎಂಬಂತೆ ಮನೆಗೆ ತಂದೆ.

"ಇವತ್ತಿಂದ ಇದಕ್ಕ ರೊಟ್ಟಿ ಹಾಕಬ್ಯಾಡ. ಜ್ವಾಳ ಆಗವಲ್ದು," ಎಂದೆ.

ಹೆಂಡತಿ ಗಂಗವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. "ನಾಕ್ ವರ್ಷ ನನ್ನ ರೊಟ್ಟಿ ತಿಂದ ಬೆಳದೈತ್ರಿ ಅದು. ಈಗ ವಿಷ ಆತೇನು?"

"ನಿನಗೇನ್ ಗೊತ್ತಾಕೈತಿ, ಸುಮ್ನಿರು."

ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು.

ನಮ್ಮ ಮನೆಯೊಳಗೆ ಮಾಂಸ ಬರುವುದಿಲ್ಲ. ಪೇಟೆಯಿಂದ ಬರುವಾಗ ಕಟುಕರ ಅಂಗಡಿಯಿಂದ ಚೂರು ಮಾಂಸ, ಎಲುಬು ಕಟ್ಟಿಸಿಕೊಂಡು ಬಂದು ಹಿತ್ತಲಲ್ಲೇ ಹಾಕುತ್ತಿದ್ದೆ. ಮಾಂಸಕ್ಕಿಂತ ಎಲುಬೇ ಹೆಚ್ಚಿರುತ್ತಿತ್ತು. ಕಾಳ್ಯಾ ಕಟಕಟ ಕಡಿದು ನುಂಗುವನು. ನೋಡಿ ನನಗೆ ಹಿಗ್ಗು. ತುರಿಕೆ ಮಾತ್ರ ಹಾಗೇ ಇತ್ತು. ಇನ್ನೂ ಸ್ವಲ್ಪ ದಿನ ಬೇಕು ಎಂದುಕೊಂಡೆ.

ಒಂದು ಬೆಳಿಗ್ಗೆ ಬೆನ್ನು ಬಾಗಿಸಿ ತಿಣುಕುತ್ತ ನಿಂತ. ಏನೂ ಹೊರಗೆ ಬರಲಿಲ್ಲ. ಮರುದಿನವೂ ಇಲ್ಲ. ಆಮೇಲೆ ವಾಂತಿ.

ನೀರು ಕುಡಿಯುವುದನ್ನೂ ಬಿಟ್ಟ.

ಮೆಣಸಿನಕಾಯಿ ಇಳಿಸಿ ಹೊರಟಿದ್ದ ಟೆಂಪೋದಲ್ಲಿ ಅವನನ್ನು ಮಲಗಿಸಿಕೊಂಡು ರಾಣೆಬೆನ್ನೂರಿನ ದನದ ದವಾಖಾನೆಗೆ ಹೋದೆ. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. "ಎಲುಬು ಒಳಗ ಕಲ್ಲಿನಂಗ ಕುಂತಾವು. ಎನಿಮಾ ಕೊಟ್ಟು ನೋಡೂಣು. ಆಗಲಿಲ್ಲಂದ್ರ ಆಪರೇಶನ್. ಉಳಿತೈತಿ ಅಂತ ನಾ ಹೇಳಂಗಿಲ್ಲ."

ಡ್ರಿಪ್ ಹಾಕಿದರು. ಕಾಳ್ಯಾ ಅಲುಗದಂತೆ ನಾನು ಅವನ ಕಾಲು ಹಿಡಿದುಕೊಂಡೆ. ಅಷ್ಟರಲ್ಲಿ ಡಾಕ್ಟರು ಸೀನಿದರು. ಮತ್ತೆ ಸೀನಿದರು. ಕಣ್ಣು ಒರೆಸಿಕೊಂಡು, "ಸ್ವಲ್ಪ ದೂರ ನಿಂದ್ರಪಾ, ನಿನ್ನ ಅಂಗಿ ಅಂಗಿ ಅಲ್ಲ, ಖಾರದ ಡಬ್ಬಿ ಐತಿ," ಎಂದರು. ಕಂಪೌಂಡರ್ ನಕ್ಕ. ಡಾಕ್ಟರು ನಗಲಿಲ್ಲ. ನಾಯಿಯ ಕೆಂಪು ಹೊಟ್ಟೆಯನ್ನೇ ನೋಡುತ್ತಿದ್ದರು.

"ಇದು ಎಲ್ಲಿ ಮಲಗತೈತಿ?"

"ಖಾಲಿ ಚೀಲದ ಮ್ಯಾಲ್ರಿ. ಥಂಡಿ ಅಂತ ನಾನ ತಂದು ಹಾಸೀನ್ರಿ."

"ಯಾವ ಚೀಲ?"

ನಾನು ನನ್ನ ಅಂಗಿ ನೋಡಿಕೊಂಡೆ. ಮೆಣಸಿನಕಾಯಿ ಚೀಲ.

ಚಳಿ ಶುರುವಾದಾಗ ಚೀಲ ಹಾಸಿದ್ದೆ. ತುರಿಕೆ ಶುರುವಾದದ್ದೂ ಆಗಲೇ. ಮೆಣಸಿನಕಾಯಿ ಧೂಳಿಗೆ ನನ್ನ ಮೂಗು ಎಂದೋ ಸತ್ತಿದೆ. ಊರಿಗೆ ಹೊಸಬರು ಸೀನಿದರೆ ನಾವು ಹಮಾಲರು ನಗುತ್ತೇವೆ. ಆ ಧೂಳಿನ ಮೇಲೆ ಬರಿ ಹೊಟ್ಟೆ ಹಚ್ಚಿ ಮಲಗುವ ಪ್ರಾಣಿಯ ಗತಿ ಏನು ಎಂದು ಒಮ್ಮೆಯೂ ಹೊಳೆಯಲಿಲ್ಲ. ಪ್ರೀತಿಯಿಂದ ಹಾಸಿದ್ದೆ. ಆಮೇಲೆ ಹೆಂಡತಿಯ ರೊಟ್ಟಿಗೆ ಅಪವಾದ ಹೊರಿಸಿದೆ.

"ಜ್ವಾಳ ಆಗಲಾರದ ನಾಯಿನೂ ಇರ್ತಾವು, ಇಲ್ಲಂತಲ್ಲ," ಎಂದರು ಡಾಕ್ಟರು. "ಆದ್ರ ಇದು ಇಷ್ಟ ವರ್ಷ ತಿಂದು ಚಲೋ ಇತ್ತಲ್ಲ? ರೊಟ್ಟಿನೂ ಹಾಕು, ಒಂದೊಂದು ಬೇಯಿಸಿದ ತತ್ತಿನೂ ಹಾಕು. ಎಲುಬು ಬ್ಯಾಡ. ಮೊದಲ ಆ ಚೀಲ ತಗಿ."

ಎನಿಮಾ ಕೊಟ್ಟ ಮೇಲೆ ಸಂಜೆಗೆ ಎಲುಬಿನ ಚೂರುಗಳು ರಕ್ತದ ಜೊತೆ ಬಿದ್ದವು. ಕಾಳ್ಯಾ ಚೀರಿದ. ಚೀರುತ್ತಲೇ ನನ್ನ ಕೈ ನೆಕ್ಕಿದ. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವನು ನೆಕ್ಕಿದ್ದನ್ನು ತಡೆದುಕೊಳ್ಳಲಾಗಲಿಲ್ಲ.

ಮನೆಗೆ ಬಂದು ಎರಡು ದಿನ ಬರೀ ಗಂಜಿ. ಮೂರನೆಯ ದಿನ ಒಲೆಯ ಮುಂದೆ ಹೋಗಿ ನಿಂತು, "ರೊಟ್ಟಿ ಐತೇನು?" ಎಂದೆ.

"ಯಾರಿಗ್ರಿ, ನಿಮಗೋ ಅವನಿಗೋ?"

"ಅವನಿಗೆ."

"ವಿಷ ಅಲ್ಲೇನು ಅದು?"

ನಾನು ಕಾಳ್ಯಾನ ತಟ್ಟೆಯನ್ನು ಅವಳ ಮುಂದೆ ಇಟ್ಟೆ. ಅವಳು ಬಿಸಿ ರೊಟ್ಟಿ ಹರಿದು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು. ತನ್ನ ಹಳೆಯ ಕೌದಿಯನ್ನೂ ತೆಗೆದು ಹಾಸಿದಳು. ತಪ್ಪಾಯಿತು ಎಂದು ಅವಳಿಗೆ ಇನ್ನೂ ಬಾಯಿಬಿಟ್ಟು ಹೇಳಿಲ್ಲ.

ಈಗ ಪೇಟೆಯಿಂದ ಬಂದವನು ಅಂಗಿ ಕಳಚಿ, ಮೈ ತೊಳೆದ ಮೇಲೆಯೇ ಅವನನ್ನು ಮುಟ್ಟುತ್ತೇನೆ. ಕೂದಲು ಪೂರ್ತಿ ಬಂದಿಲ್ಲ. ಹೊಟ್ಟೆಯ ಕಡೆ ಕೈ ಹೋದರೆ ಈಗಲೂ ಹಿಂದೆ ಸರಿಯುತ್ತಾನೆ. ಆ ಡಾಕ್ಟರು ಚೆನ್ನಾಗಿರಲಿ.

ನನಗಿರುವುದು ಎರಡು ಕೋಣೆಯ ಸ್ವಂತ ಮನೆ, ಒಂದು ಸೈಕಲ್ಲು, ಒಬ್ಬಳು ಹೆಂಡತಿ, ಜೀವಂತ ಇರುವ ಒಂದು ನಾಯಿ.