ಹಕ್ಕಿ ಬಾನಿಯ ನೀರು

"ಆಂಟಿ, ಇದರಲ್ಲಿರೋದು ಮಲೇರಿಯಾ ಸೊಳ್ಳೆ ಮರಿಗಳು," ಎಂದಳು, ಸೊಳ್ಳೆಗಳ ಸಂಶೋಧನೆಗೆಂದು ಪುಟ್ಟೇನಹಳ್ಳಿಯ ನಮ್ಮ ತಾರಸಿಗೆ ಬಂದಿದ್ದ ಹುಡುಗಿ. ಅದು ನಮ್ಮ ಯಜಮಾನರು ಹಕ್ಕಿಗಳಿಗೆಂದು ಇಟ್ಟಿದ್ದ ಮಣ್ಣಿನ ಬಾನಿ. ಅವರು ಕೊನೆಯದಾಗಿ ತುಂಬಿಸಿದ ನೀರೆಂದು ನಾನದನ್ನು ಖಾಲಿ ಮಾಡದೆ, ಕಡಿಮೆಯಾದಾಗ ಮೇಲಿಂದ ಇನ್ನಷ್ಟು ನೀರು ಸುರಿಯುತ್ತಿದ್ದೆ.

"ನಮ್ಮ ಯಜಮಾನ್ರು ಬೇರೆ ಊರಿಗೆ ಕೆಲಸಕ್ಕೆ ಹೋದವರು ಅದೇ ಜ್ವರ ಹತ್ತಿಸ್ಕೊಂಡು ಬಂದು ತೀರ್ಕೊಂಡ್ರು ಕಣಮ್ಮ. ಅವರು ತುಂಬಿಸಿದ ಈ ನೀರನ್ನ ಚರಂಡಿಗೆ ಚೆಲ್ಲೋಕೆ ಮನಸ್ಸು ಬರಲ್ಲ," ಎಂದೆ.

ಅವಳು ಚೀಲದಿಂದ ಒಂದು ಕ್ಯಾನು ತೆಗೆದಳು. "ಚೆಲ್ಲೋದು ಬೇಡ ಆಂಟಿ, ಲ್ಯಾಬಿಗೆ ತಗೊಂಡ್ಹೋಗ್ತೀನಿ. ಇವು ಯಾವ ಔಷಧಿಗೆ ಸಾಯ್ತವೆ ಅಂತ ನೋಡ್ಬೇಕು," ಎಂದು ಒಂದು ಹನಿಯೂ ಬಿಡದೆ ಕ್ಯಾನಿಗೆ ಬಗ್ಗಿಸಿಕೊಂಡಳು.

ಈಗ ದಿನವೂ ಬಾನಿ ತಿಕ್ಕಿ ಹೊಸ ನೀರು ಹಾಕುತ್ತೇನೆ. ಅವರ ನೀರು ಇನ್ಯಾರದೋ ಮನೆಯ ಜ್ವರ ತಡೆಯುವ ಕೆಲಸಕ್ಕೆ ಹೋಗಿದೆ. ಆ ಹುಡುಗಿ ಚೆನ್ನಾಗಿರಲಿ.