ಕುಲಸುಮಬಿಯವರ ಫ್ರೀಜರ್

ಶಿಗ್ಗಾವಿಯ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ಫ್ರೀಜರಿನ ಬಾಗಿಲು ತೆಗೆಯಬೇಕಾದರೆ ಪ್ರೊಫೆಸರರೂ ಅಲ್ಲಿನ ಸಹಾಯಕಿ ಕುಲಸುಮಬಿಯವರ ಮುಖ ನೋಡಬೇಕು. ಹುಟ್ಟಿನಿಂದಲೇ ಮೈಯೊಳಗೆ ಕಾವಲಿರುವ ಒಂದು ಪ್ರೋಟೀನನ್ನು ಹುಡುಕಿ ಹಿಡಿಯುವ ಆಂಟಿಬಾಡಿ ದ್ರವ ಪಾರ್ಸಲ್ಲಿನಲ್ಲಿ ಬಂತೆಂದರೆ ಅವರಿಗೆ ಮಗಳು ಬಾಣಂತನಕ್ಕೆ ಬಂದಷ್ಟು ಸಡಗರ. ಅವರು ಸವಣೂರಿನ ಎಲೆ ವ್ಯಾಪಾರಿಯ ಮಗಳು. ವೀಳ್ಯದೆಲೆ ಬಾಡದಂತೆ ಅಪ್ಪ ಒದ್ದೆ ಬಟ್ಟೆಯಲ್ಲಿ ಸಣ್ಣ ಸಣ್ಣ ಕಟ್ಟು ಕಟ್ಟಿಡುತ್ತಿದ್ದ ಹಾಗೆ, ಬೆರಳುದ್ದದ ಶೀಶೆಯಲ್ಲಿ ಬಂದದ್ದನ್ನು ಹತ್ತು ಪುಟ್ಟ ಕೊಳವೆಗಳಿಗೆ ಹನಿಹನಿಯಾಗಿ ಹಂಚಿಡುತ್ತಾರೆ. “ಕರಗಿದ್ದನ್ನ ಮತ್ತ ಬರ್ಫ ಮಾಡಿದ್ರ ಕೆಡತೈತ್ರಿ ಸರ. ಒಂದು ಕೊಳವಿ, ಒಂದ ಸಲ!” ಬಾಗಿಲು ತೆರೆದು ಯೋಚಿಸುತ್ತ ನಿಂತವರಿಗೆ, “ವಿಚಾರ ಹೊರಗ ಮಾಡ್ಕೊಂಡ ಬರ್ರಿ, ಒಳಗಿನವ್ರಿಗೆ ಝಳ ಬಡಿತೈತಿ!” ಕರೆಂಟು ಹೋದರಂತೂ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಾರೆ, ಸಾಕ್ಷಾತ್ ನವಾಬರೇ ಬಂದರೂ ಏಳುವುದಿಲ್ಲ. ಪಾರ್ಸಲ್ಲಿನ ಜೊತೆ ಬಂದ ಕಾಗದದಲ್ಲಿ, ಇದು ಮೊಲದ ರಕ್ತದಿಂದ ತೆಗೆದದ್ದು ಎಂಬ ಸಾಲನ್ನು ಮಾತ್ರ ಎರಡು ಸಲ ಓದುತ್ತಾರೆ. ಹುಲಗೂರಿನ ದರ್ಗಾದಲ್ಲಿ ಸಕ್ಕರೆಯಿಟ್ಟು ಪ್ರಾರ್ಥನೆ ಓದಿಸುವಾಗ, ಮನೆಯವರ ಹೆಸರುಗಳೆಲ್ಲ ಮುಗಿದ ಮೇಲೂ ಅವರು ಎತ್ತಿದ ಕೈ ಇಳಿಸುವುದಿಲ್ಲ. “ಇನ್ನ ಯಾರ ಹೆಸರಿಗವ್ವಾ?” ಎಂದು ಮುಜಾವರರು ಕೇಳುತ್ತಾರೆ. “ಒಂದು ಮೊಲ ಐತ್ರಿ. ಅದರ ಹೆಸರಷ್ಟ ಆ ಕಾಗದದಾಗ ಬರ್ದಿಲ್ಲ.”