ಗೌರಿಯ ಇನ್‌ಲ್ಯಾಂಡ್ ಕಾಗದಗಳು

ರಾಮನಗರ ದಾಟುವಾಗ ಬೇಯುವ ರೇಷ್ಮೆಗೂಡಿನ ನಾತಕ್ಕೆ ಬಸ್ಸಿನವರೆಲ್ಲ ಮೂಗಿಗೆ ಸೆರಗು, ಟವೆಲ್ಲು ಒತ್ತಿಕೊಳ್ಳುತ್ತಾರೆ. ನನಗೆ ಮಾತ್ರ ಆ ನಾತ ಬಡಿದೊಡನೆ ನೀಲಿ ಇನ್‌ಲ್ಯಾಂಡ್ ಕಾಗದ ನೆನಪಾಗುತ್ತದೆ. ಅದರ ಬೆನ್ನಿಗೇ ಚಿಕ್ಕಪ್ಪ ನೆನಪಾಗಿ ಹೇಸಿಗೆಯಾಗುತ್ತದೆ.

ಕಲ್ಯದ ಹತ್ತಿರದ ನಮ್ಮೂರಿನಲ್ಲಿ ಗೌರಿ ನನ್ನ ಪಕ್ಕದಲ್ಲೇ ಕೂತು ಓದಿದವಳು. ಏಳನೇ ತರಗತಿ ಮುಗಿಯುತ್ತಲೇ ಅವಳಪ್ಪ ತೀರಿಕೊಂಡು, ತಾಯಿ ಮಗಳು ರಾಮನಗರದ ರೇಷ್ಮೆ ನೂಲು ತೆಗೆಯುವ ಶೆಡ್ಡಿಗೆ ಕೂಲಿಗೆ ಹೋದರು. ಅಲ್ಲಿಂದ ಅವಳ ಕಾಗದ ಬರುತ್ತಿತ್ತು. ಜಾಗ ಸಾಲದೆ ಅಂಚಿನುದ್ದಕ್ಕೂ ತಿರುಗಿಸಿ ಬರೆದ ಇರುವೆಯಂಥ ಅಕ್ಷರಗಳು. ಕುರಿ ಮೇಯಲು ಬಿಟ್ಟು ಬಂಡೆಯ ಮೇಲೆ ಕೂತು ಓದುತ್ತಿದ್ದೆ. ಅಲ್ಲೇ ಉತ್ತರ ಬರೆದು ನಾಲಗೆಯಿಂದ ಅಂಟು ಒದ್ದೆ ಮಾಡಿದರೆ, ಆ ರುಚಿಯ ಜೊತೆ ಸಂಜೆವರೆಗೂ ಏನೋ ಹಿಗ್ಗು. ಚಿಕ್ಕಪ್ಪ ಮಾತ್ರ ಅವಳ ಕಾಗದವನ್ನು ಸತ್ತ ಇಲಿಯಂತೆ ಬೆರಳ ತುದಿಯಲ್ಲಿ ಎತ್ತಿ ತಿಪ್ಪೆಗೆ ಎಸೆಯುತ್ತಿದ್ದ. "ಹುಳದ ನಾತ ಮನೆ ಒಳೀಕೆ ತರ್ಬ್ಯಾಡ ಕಣಮ್ಮಿ" ಎನ್ನುತ್ತಿದ್ದ. ನಾನು ಹೆಕ್ಕಿ ತಂದು ಒರೆಸಿಟ್ಟುಕೊಳ್ಳುತ್ತಿದ್ದೆ.

ಆ ವರ್ಷಗಳಲ್ಲೇ ನಮ್ಮ ಕೆರೆಯ ದಡಕ್ಕೆ ಬಣ್ಣದ ಕಾರ್ಖಾನೆ ಬಂತು. ನೀರು ನೇರಳೆಯಾಗಿ ನೊರೆಗಟ್ಟಿತು. ಕುರಿಗಳು ಮೂಸಿ ಹಿಂದೆ ಸರಿದವು. ಕೊಳೆತ ಮೊಟ್ಟೆಯ ವಾಸನೆ ಮುದ್ದೆಯ ತಟ್ಟೆಯವರೆಗೂ ಬಂತು. ಆ ಕಾರ್ಖಾನೆಯಲ್ಲೇ ಸೂಪರ್‌ವೈಜರ್ ಆದ ಚಿಕ್ಕಪ್ಪನ ಮೂಗಿಗೆ ಮಾತ್ರ ಅದು ತಾಕಲಿಲ್ಲ. ಅವನು ಉಣ್ಣುವುದನ್ನು ನೋಡಿದರೆ ನನಗೆ ವಾಕರಿಕೆ ಬರುತ್ತಿತ್ತು.

ಒಂದು ಹಬ್ಬಕ್ಕೆ ಗೌರಿ ಬಂದಳು. ಬಿಸಿನೀರಲ್ಲಿ ನೆನೆನೆನೆದು ಅವಳ ಬೆರಳುಗಳು ಬಿಳಿಚಿ ಸುಕ್ಕಾಗಿದ್ದವು. ಹೊಸಿಲ ಬಳಿ ಚಿಕ್ಕಪ್ಪ ತಡೆದ. "ಒರ್ಗೇ ಕೂತ್ಕಳಮ್ಮಿ, ಒಳೀಕೆ ನಾತ ಆಯ್ತದೆ."

ಒಳಗಿಂದ ಅಜ್ಜಿ, "ಏನ್ಲಾ, ಕುರಿ ಕೊಟ್ಟಿಗೇಲಿ ಬೆಳ್ದೋನ್ಗೆ ನಾತವಾ?" ಎಂದಳು. ಅಷ್ಟರಲ್ಲಿ ಗೌರಿ ಅಂಗಳಕ್ಕೆ ಇಳಿದಾಗಿತ್ತು.

ಬಸ್ಸಿಗೆ ಕಾಯುವಾಗ ಮೆಲ್ಲಗೆ ಕೇಳಿದಳು: "ಕಾಗ್ದದಲ್ಲೂ ನಾತ ಬತ್ತಿತ್ತೇನೇ? ಸೋಪಾಕಿ ಕೈ ತೊಳ್ಕಂಡೇ ಬರೀತಿದ್ದೆ ಕಣೆ."

"ನಂಗೇನೂ ಬತ್ತಿರ್ಲಿಲ್ಲ. ನೀ ಬರೀ" ಎಂದು ಅವಳ ಕೈ ಹಿಡಿದುಕೊಂಡೆ. ಹೂಂ ಎಂದು ಬಸ್ಸು ಹತ್ತಿದಳು.

ಮತ್ತೆ ಕಾಗದ ಬರಲಿಲ್ಲ. ನಾನು ಬರೆಯುತ್ತಲೇ ಇದ್ದೆ. ಪೋಸ್ಟ್‌ಮ್ಯಾನ್ ದೂರದಿಂದಲೇ ಇಲ್ಲವೆಂದು ತಲೆಯಾಡಿಸಿ ಸೈಕಲ್ ತುಳಿದುಕೊಂಡು ಹೋಗುತ್ತಿದ್ದ. ಕೊನೆಗೆ ನಾವಿದ್ದ ಮನೆಯನ್ನೂ ಚಿಕ್ಕಪ್ಪ ಕಾರ್ಖಾನೆಯ ಗೋಡೌನಿಗೆ ಕೊಟ್ಟ. ಕಣ್ಣು ಕಾಣದಾದ ಅಜ್ಜಿ ನಮ್ಮ ಬಾಡಿಗೆ ಮನೆಯ ಮೂಲೆಯಲ್ಲಿ ಮಲಗಿ, "ಆ ಗೌರಿ ಮಗ ಕಾಗ್ದ ಆಕಿತ್ತೇನವ್ವಾ?" ಎಂದು ಕೇಳುತ್ತಿದ್ದಳು. ಇಲ್ಲವೆನ್ನಲಾಗದೆ, ಒಂದು ದಿನ ಗೌರಿಯ ಹೆಸರಲ್ಲಿ ನಾನೇ ಬರೆದು ಅವಳಿಗೆ ಓದಿ ಹೇಳಿದೆ. ಅದರಲ್ಲಿ ಗೌರಿ ಚೆನ್ನಾಗಿದ್ದಳು.